ಹಿತ್ತಲಿಗೆ ಬಂದ ತುಂಬೆ

ಶಿವರಾತ್ರಿಗೆ ಚಳಿ ‘ಶಿವ ಶಿವಾ’ ಎನ್ನುತ್ತ ಹೊರಟುಹೋಗುತ್ತದೆ ಎಂಬುದು ಹಳ್ಳಿಗಳ ಹಳೆಯ ಮಾತು. ಅಷ್ಟು ಹೊತ್ತಿಗೆ ಹಾಸನ ಸೀಮೆಯ ಹೊಲಗಳಲ್ಲಿ ರಾಗಿ ಕುಯ್ಲು ಮುಗಿದು, ತೆನೆ ಕಣ ಸೇರಿ, ನೆಲದಲ್ಲಿ ಕೂಳೆಯಷ್ಟೇ ಉಳಿದಿರುತ್ತದೆ. ಹುಲ್ಲು ಒಣಗಿರುತ್ತದೆ. ಕೆರೆ ಏರಿಯ ಹೊಂಗೆ ಎಲೆ ಉದುರಿಸಿ ಹೊಸ ಚಿಗುರಿಗೆ ಕಾಯುತ್ತಿರುತ್ತದೆ. ಈ ಬಣ್ಣಗೆಟ್ಟ ನೋಟದ ನಡುವೆ, ಬದುವಿನ ಮೇಲೋ ಬೇಲಿಯ ಬುಡದಲ್ಲೋ, ಯಾರೋ ಅಕ್ಕಿನುಚ್ಚು ಚೆಲ್ಲಿ ಹೋದಂತೆ ಬೆಳ್ಳಗೆ ಕಾಣುವುದು ತುಂಬೆ ಹೂವು.

ವಸಂತದ ಹೊಸ್ತಿಲಲ್ಲಿ ಬರುವ ಈ ಒಂದು ಹಬ್ಬಕ್ಕಾಗಿ ತುಂಬೆಗೆ ದಿಢೀರನೆ ಬೆಲೆ ಬರುತ್ತದೆ. ಉಳಿದ ದಿನಗಳಲ್ಲಿ ಅದು ಕಳೆ. ಹೊಲದಲ್ಲಿದ್ದರೆ ಕುಂಟೆ ಹಾಯಿಸುತ್ತಾರೆ, ಅಂಗಳದಲ್ಲಿದ್ದರೆ ಕಿತ್ತೆಸೆಯುತ್ತಾರೆ. ಆದರೆ ಶಿವರಾತ್ರಿಯ ಮುನ್ನಾದಿನ ಸಂತೆ, ಮಾರುಕಟ್ಟೆಗಳಲ್ಲಿ ಬಿಲ್ವಪತ್ರೆಯ ಪಕ್ಕದಲ್ಲೇ ತುಂಬೆಯ ಸಣ್ಣ ಸಣ್ಣ ಗುಡ್ಡೆಗಳು ಕುಳಿತಿರುತ್ತವೆ. ಅಜ್ಜಿಯಂದಿರು ಚಿಕ್ಕಂದಿನಲ್ಲಿ ಲಂಗದ ಮಡಿಲಿಗೆ ಪುಕ್ಕಟೆಯಾಗಿ ಬಿಡಿಸಿಕೊಂಡು ಬರುತ್ತಿದ್ದ ಹೂವನ್ನು ಮೊಮ್ಮಕ್ಕಳು ದುಡ್ಡು ಕೊಟ್ಟು ಕೊಳ್ಳುತ್ತಾರೆ.

ಬಿತ್ತದೆ ಬೆಳೆಯುತ್ತಿದ್ದ ಗಿಡವನ್ನು ಈಗ ಬಿತ್ತಿ ಬೆಳೆಯಬೇಕಾಗಿದೆ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದಂಥ ಊರುಗಳ ಬಡಾವಣೆಗಳಲ್ಲಿ ತುಂಬೆಗಾಗಿ ಹಿತ್ತಲಿನ ಒಂದು ಮೂಲೆಯನ್ನೋ ತಾರಸಿಯ ಒಂದು ಕುಂಡವನ್ನೋ ಬಿಟ್ಟುಕೊಡುವುದು ಮೇಲ್ನೋಟಕ್ಕೆ ಹವ್ಯಾಸದ ಮಾತು. ಒಳಹೊಕ್ಕರೆ ಅದರ ಹಿಂದೆ ದೊಡ್ಡ ಚರಿತ್ರೆಯೇ ಇದೆ.

ಬಿಳುಪು ಮತ್ತು ಒರಟು

ತುಂಬೆ ಒಂದು ಗೇಣಿನಿಂದ ಒಂದೂವರೆ ಅಡಿಯವರೆಗೆ ಬೆಳೆಯುವ ಪುಟ್ಟ ಗಿಡ. ಕಾಂಡವನ್ನು ಬೆರಳುಗಳ ನಡುವೆ ಹೊರಳಿಸಿದರೆ ದುಂಡಗಿಲ್ಲ, ನಾಲ್ಕು ಮೂಲೆಗಳಿವೆ ಎಂಬುದು ತಿಳಿಯುತ್ತದೆ. ಎಲೆ ಉದ್ದ, ಕಿರಿದು, ಮುಟ್ಟಿದರೆ ಒರಟು. ಉಜ್ಜಿದರೆ ಗಾಢವಾದ ಸೊಪ್ಪಿನ ವಾಸನೆ. ಕಾಂಡದ ಗೆಣ್ಣುಗಳಲ್ಲಿ ಹಸಿರು ಬಟ್ಟಲುಗಳು ಚೆಂಡಿನಂತೆ ಗುಂಪುಗೂಡಿರುತ್ತವೆ. ಒಂದೊಂದು ಬಟ್ಟಲಿನಿಂದಲೂ ಒಂದೊಂದು ಬಿಳಿಯ ಹೂವು ತುಟಿ ಚಾಚಿ ಹೊರಗೆ ಬರುತ್ತದೆ. ಮೇಲಿನ ತುಟಿ ಚಿಕ್ಕದು, ಅದರ ಮೇಲೆ ನವಿರಾದ ರೋಮ. ಕೆಳಗಿನ ತುಟಿ ಅಗಲವಾದದ್ದು, ಮುಂದಕ್ಕೆ ಚಾಚಿದ್ದು. ಜೇನ್ನೊಣ ಬಂದು ಕೂರಲು ಹಾಸಿದ ಚಾಪೆ ಅದು. ಹೂವನ್ನು ಮೆಲ್ಲಗೆ ಎಳೆದರೆ ಬಟ್ಟಲು ಗಿಡದಲ್ಲೇ ಉಳಿದು ಹೂವು ಮಾತ್ರ ಕೈಗೆ ಬರುತ್ತದೆ. ಅದರ ಬುಡವನ್ನು ಚೀಪಿ ಸಿಹಿ ಹೀರುವ ವಿದ್ಯೆಯನ್ನು ಹಳ್ಳಿಯ ಮಕ್ಕಳಿಗೆ ಯಾರೂ ಕಲಿಸಬೇಕಾಗಿಲ್ಲ.

ಸಸ್ಯವಿಜ್ಞಾನದಲ್ಲಿ ಇದರ ಹೆಸರು ಲ್ಯೂಕಾಸ್ ಆಸ್ಪೆರ. ಬರ್ಲಿನ್ನಿನ ಸಸ್ಯವಿಜ್ಞಾನಿ ವಿಲ್ಡೆನೋ 1809ರಲ್ಲಿ ಇದನ್ನು ಬೇರೊಂದು ಕುಲದಲ್ಲಿಟ್ಟು ವರ್ಣಿಸಿದ. ಮರುವರ್ಷ, 1810ರಲ್ಲಿ, ರಾಬರ್ಟ್ ಬ್ರೌನ್ ಲ್ಯೂಕಾಸ್ ಎಂಬ ಕುಲವನ್ನೇ ಸ್ಥಾಪಿಸಿದ. 1822ರಲ್ಲಿ ಲಿಂಕ್ ತುಂಬೆಯನ್ನು ಆ ಕುಲಕ್ಕೆ ಸೇರಿಸಿದ. ಲ್ಯೂಕೋಸ್ ಎಂದರೆ ಗ್ರೀಕಿನಲ್ಲಿ ಬಿಳುಪು, ಆಸ್ಪೆರ ಎಂದರೆ ಲ್ಯಾಟಿನ್ನಿನಲ್ಲಿ ಒರಟು. ಹೂವಿನ ಬಿಳುಪು, ಎಲೆಯ ಒರಟು ಎರಡೂ ಹೆಸರಿನಲ್ಲಿ ಸೇರಿಕೊಂಡವು. ಸಂಸ್ಕೃತದವರು ಇದನ್ನೂ ಇದರ ಹತ್ತಿರದ ನೆಂಟನನ್ನೂ ದ್ರೋಣಪುಷ್ಪಿ ಎಂದು ಕರೆದರು. ಇಲ್ಲಿ ದ್ರೋಣನೆಂದರೆ ಮಹಾಭಾರತದ ಗುರುವಲ್ಲ, ದೊನ್ನೆಯಂಥ ಪಾತ್ರೆ. ಹೂವು ಹೊತ್ತು ನಿಂತ ಬಟ್ಟಲನ್ನು ನೋಡಿದವರಿಗೆ ಈ ಹೆಸರು ಬೇರೆ ವಿವರಣೆ ಬೇಡುವುದಿಲ್ಲ.

ಯುರೋಪಿನವರು ಹೆಸರಿಡುವ ಮೊದಲೇ ಈ ಗಿಡ ಗ್ರಂಥಸ್ಥವಾಗಿತ್ತು. ಕೊಚ್ಚಿಯ ಡಚ್ ಅಧಿಕಾರಿ ಹೆಂಡ್ರಿಕ್ ವಾನ್ ರೀಡ್, ಇಟ್ಟಿ ಅಚ್ಯುತನ್ ಎಂಬ ಮಲಯಾಳಿ ವೈದ್ಯ ಮುಂತಾದವರ ನೆರವಿನಿಂದ ಸಿದ್ಧಪಡಿಸಿದ ‘ಹಾರ್ಟಸ್ ಮಲಬಾರಿಕಸ್’ 1678ರಿಂದ 1693ರವರೆಗೆ 12 ಸಂಪುಟಗಳಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಅಚ್ಚಾಯಿತು. ಅದರಲ್ಲಿ ತುಂಬ ಎಂಬ ಮಲಯಾಳದ ಹೆಸರು ಹಾಗೆಯೇ ಇದೆ.

ಶಿವನ ತಲೆಯ ಮೇಲೆ

ಹಣವಂತರ ಹೂವುಗಳನ್ನು ಬಿಟ್ಟು ಶಿವನು ತುಂಬೆಯನ್ನೇ ಏಕೆ ಮೆಚ್ಚಿದ? ಇದಕ್ಕೆ ಜನಪದರು ಕೊಡುವ ಉತ್ತರ ಹಲವು. ಕನ್ನಡ ನಾಡಿನಲ್ಲಿ ಕೇಳಿಬರುವ ಕಥೆ ಇದು: ಶಿವನ ಪೂಜೆಗೆಂದು ಹೂವುಗಳೆಲ್ಲ ಬಣ್ಣ, ಪರಿಮಳಗಳ ಬೆಡಗಿನಿಂದ ಸಾಲುಗಟ್ಟಿ ಬಂದವಂತೆ. ತೋರಿಸಿಕೊಳ್ಳಲು ಏನೂ ಇಲ್ಲದ ತುಂಬೆ ನಾಚಿ ಹಿಂದೆ ನಿಂತಿತು. ಶಿವನು ಎಲ್ಲವನ್ನೂ ದಾಟಿ ಬಂದು ಅದನ್ನೇ ಎತ್ತಿ ಮುಡಿದುಕೊಂಡ.

ತಮಿಳರ ಕಥೆಯಲ್ಲಿ ಇದಕ್ಕಿಂತ ತಮಾಷೆಯೂ ಇದೆ, ಕರುಣೆಯೂ ಇದೆ. ತುಂಬೈ ಎಂಬ ಭಕ್ತೆಯೊಬ್ಬಳಿಗೆ ಶಿವನು ಪ್ರತ್ಯಕ್ಷನಾದ. ಏನು ಬೇಕೆಂದು ಕೇಳಿದ. ಆನಂದದ ಗಾಬರಿಯಲ್ಲಿ ಅವಳ ಮಾತು ತಿರುವುಮುರುವಾಯಿತು. ನಿನ್ನ ಪಾದ ನನ್ನ ತಲೆಯ ಮೇಲಿರಲಿ ಎನ್ನುವ ಬದಲು ನನ್ನ ಪಾದ ನಿನ್ನ ತಲೆಯ ಮೇಲಿರಲಿ ಎಂದುಬಿಟ್ಟಳು. ಶಿವನು ನಕ್ಕು ತಥಾಸ್ತು ಎಂದ. ಅವಳು ಹೂವಾಗಿ ಅವನ ತಲೆಯೇರಿದಳು. ತುಂಬೆಯ ಕೆಳತುಟಿ ಪುಟ್ಟ ಪಾದದಂತೆ ಕಾಣುವುದಕ್ಕೆ ಇದೇ ಕಾರಣವೆಂದು ಕಥೆ ಮುಗಿಯುತ್ತದೆ.

ಸಣ್ಣದು ದೊಡ್ಡದನ್ನು ಮೀರಿಸುವ ಇಂಥ ಕಥೆಗೆ ಹಾಸನ ಜಿಲ್ಲೆಯಲ್ಲೇ ಇನ್ನೊಂದು ಪ್ರಸಿದ್ಧ ಸಾಕ್ಷಿಯಿದೆ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ಗಂಗರ ಮಂತ್ರಿ ಚಾವುಂಡರಾಯ ಗೊಮ್ಮಟನನ್ನು ನಿಲ್ಲಿಸಿ ಮಹಾಮಸ್ತಕಾಭಿಷೇಕಕ್ಕೆ ಕೊಡಗಟ್ಟಲೆ ಹಾಲು ಸುರಿಸಿದರೂ ಅದು ವಿಗ್ರಹದ ಪಾದ ಮುಟ್ಟಲಿಲ್ಲ. ಆಗ ಅಜ್ಜಿಯೊಬ್ಬಳು ಗುಳ್ಳದ ಕಾಯಿಯಲ್ಲಿ ತಂದ ಒಂದಿಷ್ಟು ಹಾಲು ಇಡೀ ವಿಗ್ರಹವನ್ನು ತೋಯಿಸಿ ಹರಿಯಿತು ಎಂಬುದು ಐತಿಹ್ಯ. ಗೊಮ್ಮಟನ ಎದುರಿಗೇ ಗುಳ್ಳಕಾಯಜ್ಜಿಯ ಪ್ರತಿಮೆ ಇದೆ. ಸಾಮಾನ್ಯವಾಗಿ ಕ್ರಿ.ಶ. 981ರದ್ದೆಂದು ಹೇಳಲಾಗುವ ಆ ಮಹಾಮೂರ್ತಿಯ ಮುಂದೆ ಬೇಲಿಸಾಲಿನ ಕಾಯೊಂದರ ಹೆಸರು ಹೊತ್ತ ಅಜ್ಜಿ ನಿಂತಿರುವುದು ಈ ಸೀಮೆಯ ಮನಸ್ಸನ್ನು ತೋರಿಸುತ್ತದೆ.

ಹೂವಿನ ನಂಬಿಕೆಗಳಿಗೂ ಇಲ್ಲಿ ಬರವಿಲ್ಲ. ಹಾಸನದ ಹಾಸನಾಂಬೆಯ ಗುಡಿ ವರ್ಷಕ್ಕೊಮ್ಮೆ, ಆಶ್ವಯುಜದಲ್ಲಿ ದೀಪಾವಳಿಯ ಹೊತ್ತಿಗೆ ಮಾತ್ರ ತೆರೆಯುತ್ತದೆ. ಬಾಗಿಲು ಹಾಕುವಾಗ ಮುಡಿಸಿದ ಹೂವು ಮರುವರ್ಷ ತೆರೆಯುವವರೆಗೂ ಬಾಡುವುದಿಲ್ಲ ಎಂದು ಭಕ್ತರು ನಂಬುತ್ತಾರೆ. ಅದೇ ಆವರಣದಲ್ಲಿ ಸಿದ್ಧೇಶ್ವರನ ಗುಡಿಯೂ ಇದೆ. ಅರಕಲಗೂಡಿಗೆ ಆ ಹೆಸರು ಬಂದದ್ದೇ ಅರ್ಕೇಶ್ವರನಿಂದ ಎನ್ನುತ್ತದೆ ಸ್ಥಳಪುರಾಣ. ಅರ್ಕ ಎಂದರೆ ಸೂರ್ಯ. ಶಿವಪೂಜೆಗೆ ಸಲ್ಲುವ ಇನ್ನೊಂದು ಪಾಳುಗಿಡವಾದ ಎಕ್ಕಕ್ಕೂ ಸಂಸ್ಕೃತದಲ್ಲಿ ಅರ್ಕವೆಂದೇ ಹೆಸರು. ಎಕ್ಕ, ಉಮ್ಮತ್ತಿ, ತುಂಬೆ — ಮಲ್ಲಿಗೆ ತೋಟದವರು ಲೆಕ್ಕಕ್ಕೇ ತೆಗೆದುಕೊಳ್ಳದ ಗಿಡಗಳೇ ಶಿವನ ಪಾಲಿಗೆ ಬಂದಿರುವುದು ಗಮನಿಸತಕ್ಕ ಸಂಗತಿ. ಬಡವನ ಪೂಜೆಗೂ ಹೂವಿನ ಕೊರತೆಯಾಗದಂತೆ ಸಂಪ್ರದಾಯವೇ ಮಾಡಿಕೊಂಡ ಏರ್ಪಾಡಿದು.

ಯುದ್ಧಕ್ಕೂ ಓಣಂಗೂ

ನೆರೆಯ ಭಾಷೆಗಳಲ್ಲಿ ತುಂಬೆಯ ಸ್ಥಾನ ಬೇರೆ ಬೇರೆ. ಪ್ರಾಚೀನ ತಮಿಳು ಲಕ್ಷಣಗ್ರಂಥ ‘ತೊಲ್ಕಾಪ್ಪಿಯಂ’ ಯುದ್ಧದ ಹಂತಗಳಿಗೆ ಹೂವು, ಮರಗಳ ಹೆಸರಿಟ್ಟು ವಿಭಾಗ ಮಾಡಿದೆ. ತುರುಗೊಳ್ಳುವ ಕಾಳಗಕ್ಕೆ ವೆಟ್ಚಿ, ಎಂದರೆ ಕೇಪಳದ ಹೂವು. ಗೆಲುವಿಗೆ ವಾಗೈ, ಎಂದರೆ ಬಾಗೆ ಮರದ ಹೂವು. ಎರಡು ಸೇನೆಗಳು ಪರಾಕ್ರಮ ತೋರಲೆಂದೇ ಮುಖಾಮುಖಿ ನಿಂತು ಕಾದುವುದಕ್ಕೆ ತುಂಬೈ. ಅಲ್ಲಿ ಯೋಧರು ಮುಡಿಯುತ್ತಿದ್ದುದು ಈ ಬಿಳಿ ಹೂವನ್ನೇ. ನಾಚಿ ಹಿಂದೆ ನಿಂತ ಕನ್ನಡದ ತುಂಬೆಯೂ ಪ್ರಾಣದ ಹಂಗು ತೊರೆದು ಮುನ್ನುಗ್ಗುವವರ ತಮಿಳು ತುಂಬೈಯೂ ಒಂದೇ ಗಿಡದ ಹೂವೆಂಬುದು ಸೋಜಿಗ.

ಕೇರಳದಲ್ಲಿ ಓಣಂ ಹಬ್ಬದ ಹೂವಿನ ರಂಗವಲ್ಲಿಗೆ ತುಂಬೆ ಇರಲೇಬೇಕು. ತಿರುವನಂತಪುರದ ಬಳಿಯ ತುಂಬಾ ಎಂಬ ಕಡಲತೀರದ ಹಳ್ಳಿಗೆ ಆ ಹೆಸರು ಬಂದದ್ದು ಈ ಗಿಡದಿಂದಲೇ ಎನ್ನುತ್ತಾರೆ. 1963ರ ನವೆಂಬರ್ 21ರಂದು ಭಾರತದ ನೆಲದಿಂದ ಮೊದಲ ಸೌಂಡಿಂಗ್ ರಾಕೆಟ್ ಮೇಲೇರಿದ್ದು ಅಲ್ಲಿಂದ. ತೆಲಂಗಾಣದಲ್ಲಿ ವಿನಾಯಕ ಚೌತಿಯ ದಿನ ತುಂಬೆ ಸೊಪ್ಪಿನ ಪಲ್ಯ ಮಾಡುವ ರೂಢಿಯಿದೆ. ಅದಕ್ಕೆ ಅವರ ಹೆಸರು ತುಮ್ಮಿ ಕೂರ.

ಹಾಸನ ಸೀಮೆಯ ಅಡಿಗೆಮನೆಗೂ ತುಂಬೆ ಹೊಸತಲ್ಲ. ಮಳೆ ಬಿದ್ದ ಮೇಲೆ ಹೊಲದ ಬದುಗಳಲ್ಲಿ ಆಯ್ದು ತರುವ ಬೆರಕೆ ಸೊಪ್ಪಿನಲ್ಲಿ ಅಣ್ಣೆ, ಹೊನಗೊನ್ನೆ, ಗಣಿಕೆಗಳ ಜೊತೆ ತುಂಬೆಯ ಎಳೆಯ ಕುಡಿಯೂ ಒಂದು ಹಿಡಿ ಬೀಳುತ್ತಿತ್ತು. ಮುದ್ದೆಗೆ ಆ ಉಪ್ಸಾರು, ಬಸ್ಸಾರುಗಳ ರುಚಿ ಕಂಡವರಿಗೆ ಮಾರುಕಟ್ಟೆಯ ಒಂದೇ ಜಾತಿಯ ಸೊಪ್ಪು ಸಪ್ಪೆ. ನೆಗಡಿ, ತಲೆಭಾರಕ್ಕೆ ತುಂಬೆ ಸೊಪ್ಪು ಹಾಕಿ ಕುದಿಸಿದ ನೀರಿನ ಹಬೆ ಹಿಡಿಯುವುದು ಮನೆಮದ್ದು. ಹಾವು ಕಚ್ಚಿದರೆ ತುಂಬೆ ರಸವೆಂಬ ನಂಬಿಕೆಯೂ ಹಳ್ಳಿಗಳಲ್ಲಿದೆ. ಆದರೆ ಹಾವಿನ ಕಡಿತಕ್ಕೆ ಮದ್ದು ಆಸ್ಪತ್ರೆಯಲ್ಲಿ ಕೊಡುವ ವಿಷನಿರೋಧಕ ಚುಚ್ಚುಮದ್ದು ಮಾತ್ರ. ಇಲ್ಲಿ ಸೊಪ್ಪು ಅರೆಯುತ್ತ ಕೂರುವುದು ಪ್ರಾಣಕ್ಕೆ ಅಪಾಯ.

ಜಿಲ್ಲೆಯ ಗಿಡಗಳ ಜಾತಕ

ಹಾಸನ ಜಿಲ್ಲೆಗೆ ಸಸ್ಯಗಳ ವಿಷಯದಲ್ಲಿ ಒಂದು ವಿಶೇಷ ಗೌರವವಿದೆ. ಜಿಲ್ಲೆಯ ಗಿಡಮರಗಳನ್ನೆಲ್ಲ ಹುಡುಕಿ, ಒಣಗಿಸಿ, ಗುರುತಿಸಿ, ವರ್ಣಿಸಿದ ‘ಫ್ಲೋರಾ ಆಫ್ ಹಾಸನ್ ಡಿಸ್ಟ್ರಿಕ್ಟ್’ ಎಂಬ 900ಕ್ಕೂ ಹೆಚ್ಚು ಪುಟಗಳ ಇಂಗ್ಲಿಷ್ ಗ್ರಂಥ 1976ರಲ್ಲಿ ಹೊರಬಂತು. ಅದರ ಸಂಪಾದಕರಲ್ಲೊಬ್ಬರು ಬೆಂಗಳೂರಿನ ಸೇಂಟ್ ಜೋಸೆಫ್ಸ್ ಕಾಲೇಜಿನ ಪ್ರಾಧ್ಯಾಪಕ, ಜೆಸ್ವಿಟ್ ಪಾದ್ರಿ ಸೆಸಿಲ್ ಜೆ. ಸಲ್ಡಾನ. ಇನ್ನೊಬ್ಬರು ಅಮೆರಿಕದ ಸ್ಮಿತ್‌ಸೋನಿಯನ್ ಸಂಸ್ಥೆಯ ಡ್ಯಾನ್ ನಿಕಲ್ಸನ್. ಕೆ.ಎನ್. ಗಾಂಧಿ, ಟಿ.ಪಿ. ರಾಮಮೂರ್ತಿ ಮೊದಲಾದ ಆಗಿನ ಯುವ ಸಸ್ಯಶಾಸ್ತ್ರಜ್ಞರು ಅದರ ಭಾಗಗಳನ್ನು ಬರೆದರು.

ರಾಜ್ಯದ ಇಷ್ಟೊಂದು ಜಿಲ್ಲೆಗಳಲ್ಲಿ ಹಾಸನವೇ ಅಧ್ಯಯನಕ್ಕೆ ಒದಗಿ ಬಂದದ್ದರಲ್ಲಿ ಅರ್ಥವಿದೆ. ಪಶ್ಚಿಮದಲ್ಲಿ ಸಕಲೇಶಪುರ, ಬಿಸಿಲೆಯ ಘಟ್ಟಗಳು. ಅಲ್ಲಿ ವರ್ಷಕ್ಕೆ 2,000 ಮಿಲಿಮೀಟರ್ ದಾಟಿ ಮಳೆ. ಪೂರ್ವಕ್ಕೆ ಬಂದಂತೆ ಕಾಡು ಕರಗಿ, ಮಳೆ ಇಳಿದು, ಚನ್ನರಾಯಪಟ್ಟಣ, ಅರಸೀಕೆರೆಗಳಲ್ಲಿ ಅದರ ಸುಮಾರು ಮೂರನೇ ಒಂದು ಪಾಲು ಮಾತ್ರ. ನಡುವೆ ಅರಕಲಗೂಡು, ಹೊಳೆನರಸೀಪುರಗಳ ಅರೆಮಲೆನಾಡು, ಬಯಲು. ಅರ್ಧ ದಿನದ ಬಸ್ ಪ್ರಯಾಣದಲ್ಲಿ ಮಳೆಕಾಡಿನಿಂದ ಕುರುಚಲಿನವರೆಗೆ ಎಲ್ಲವನ್ನೂ ಕಾಣಬಹುದಾದ ಜಿಲ್ಲೆ ಇದು.

ಸಲ್ಡಾನ ಅವರು ಅಲ್ಲಿಗೆ ನಿಲ್ಲಲಿಲ್ಲ. ‘ಫ್ಲೋರಾ ಆಫ್ ಕರ್ನಾಟಕ’ದ ಮೊದಲ ಸಂಪುಟವನ್ನು 1984ರಲ್ಲಿ, ಎರಡನೆಯದನ್ನು 1996ರಲ್ಲಿ ಹೊರತಂದರು. 2002ರಲ್ಲಿ ತೀರಿಕೊಂಡರು. ಅವರು ಕಟ್ಟಿದ ಒಣ ಸಸ್ಯಗಳ ಸಂಗ್ರಹ ಈಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದೆ. ನಿಕಲ್ಸನ್ ಅವರೂ ಮುಂದೆ, 1988ರಲ್ಲಿ, ಸಿ.ಆರ್. ಸುರೇಶ್ ಮತ್ತು ಕೆ.ಎಸ್. ಮಣಿಲಾಲ್ ಅವರೊಡನೆ ವಾನ್ ರೀಡನ ‘ಹಾರ್ಟಸ್ ಮಲಬಾರಿಕಸ್’ನ ಒಂದೊಂದು ಗಿಡವನ್ನೂ ಇಂದಿನ ಹೆಸರಿಗೆ ತಾಳೆಹಾಕುವ ಗ್ರಂಥ ಬರೆದರು. ಮುನ್ನೂರು ವರ್ಷಗಳ ಹಿಂದಿನ ಕೊಚ್ಚಿಯ ಚಿತ್ರಗಳಿಗೂ ಹಾಸನದ ಬೇಲಿಗಳಿಗೂ ಹೀಗೊಂದು ನಂಟು ಬೆಳೆಯಿತು.

ನಾಲೆ ಬಂತು, ಬದು ಹೋಯಿತು

ಈ ಗ್ರಂಥದ ಕಾಲವನ್ನು ಗಮನಿಸಬೇಕು. ಅದು ಅಚ್ಚಾದದ್ದು 1976ರಲ್ಲಿ. ಗೊರೂರಿನ ಬಳಿ ಹೇಮಾವತಿ ಅಣೆಕಟ್ಟೆ ಪೂರ್ಣಗೊಂಡದ್ದು 1979ರಲ್ಲಿ. ಎಂದರೆ ಸಲ್ಡಾನ ಮತ್ತು ಸಂಗಡಿಗರು ನಡೆದಾಡಿದ ಜಿಲ್ಲೆ ನಾಲೆಗಳಿಗೆ ಹಿಂದಿನ ಜಿಲ್ಲೆ. ಅವರ ಗ್ರಂಥ, ಬೇಕೆಂದು ಮಾಡದಿದ್ದರೂ, ಒಂದು ಮಹಾ ಬದಲಾವಣೆಯ ಹಿಂದಿನ ದಿನ ತೆಗೆದ ಭಾವಚಿತ್ರದಂತಾಯಿತು.

ನಾಲೆಯ ನೀರು ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣ ತಾಲ್ಲೂಕುಗಳ ಅನೇಕ ಹಳ್ಳಿಗಳನ್ನು ಮುಟ್ಟಿತು. ರಾಗಿ, ಹುರುಳಿ, ಹುಚ್ಚೆಳ್ಳಿನ ಹೊಲಗಳು ಗದ್ದೆ, ಕಬ್ಬು, ತೆಂಗಿನ ತೋಟಗಳಾದವು. ಇದರಿಂದ ಮನೆಗಳಿಗೆ ಅನ್ನ ಬಂತು, ಮಕ್ಕಳಿಗೆ ಓದು ಬಂತು. ಅದನ್ನು ಯಾರೂ ಅಲ್ಲಗಳೆಯಲಾರರು. ಆದರೆ ತುಂಬೆ ಕೆಸರಿನ ಗಿಡವಲ್ಲ. ಅದಕ್ಕೆ ಬೇಕಾದದ್ದು ಬಿಸಿಲು, ನೀರು ನಿಲ್ಲದ ನೆಲ, ವರ್ಷಕ್ಕೊಮ್ಮೆ ಉತ್ತು ಬಿಟ್ಟ ಹೊಲ. ಮಳೆಗಾಲದಲ್ಲಿ ಮೊಳೆತು, ರಾಗಿಯ ನಡುವೆ ತಲೆತಗ್ಗಿಸಿ ಬೆಳೆದು, ಕುಯ್ಲಾದ ಮೇಲೆ ಕೂಳೆಯಲ್ಲಿ ಬಿಸಿಲು ಸಿಕ್ಕೊಡನೆ ಹೂವು ತುಂಬಿಕೊಳ್ಳುವುದು ಅದರ ಕ್ರಮ. ಮಳೆಯಾಶ್ರಯದ ಬೇಸಾಯದ ಪಂಚಾಂಗಕ್ಕೂ ತುಂಬೆಯ ಬದುಕಿಗೂ ತಾಳಮೇಳವಿತ್ತು. ವರ್ಷಕ್ಕೆ ಎರಡು ಬೆಳೆ ತೆಗೆಯುವ ಗದ್ದೆಯಲ್ಲಿ ಅದಕ್ಕೆ ಬಿಡುವೇ ಇಲ್ಲ.

ಉಳಿದ ಬದುಗಳೂ ಕಿರಿದಾದವು. ಒಂದು ಅಡಿ ನೆಲಕ್ಕೂ ಬೆಲೆ ಬಂದಾಗ ಬದುವನ್ನು ಕೆತ್ತಿ ಹೊಲಕ್ಕೆ ಸೇರಿಸಿಕೊಳ್ಳುವುದು ಸಹಜ. ಕಳ್ಳಿ, ಲಕ್ಕಿ, ಕತ್ತಾಳೆಗಳ ಜೀವಂತ ಬೇಲಿಯ ಜಾಗಕ್ಕೆ ಕಲ್ಲುಕಂಬ, ಮುಳ್ಳುತಂತಿ ಬಂದವು. ಕಳೆ ಕೀಳಲು ಆಳು ಸಿಗದೆ ಹೋದಾಗ ರೈತರು ಕಳೆನಾಶಕದ ಮೊರೆಹೊಕ್ಕರು. ಬದುವಿನ ಹುಲ್ಲಿಗೆ ಹೊಡೆದ ಔಷಧ ಬೆರಕೆ ಸೊಪ್ಪನ್ನೂ ಬಿಡಲಿಲ್ಲ, ತುಂಬೆಯನ್ನೂ ಬಿಡಲಿಲ್ಲ.

ಊರಂಚಿನ ಪಾಳುಜಾಗಕ್ಕೆ ಬೇರೊಬ್ಬ ಒಡೆಯ ಬಂದಿದ್ದ. 1950ರ ದಶಕದ ನಡುವಿನಲ್ಲಿ ಪುಣೆಯಲ್ಲಿ ಗುರುತಿಸಲಾದ ಅಮೆರಿಕ ಮೂಲದ ಪಾರ್ಥೇನಿಯಂ, ಜನರ ಬಾಯಲ್ಲಿ ಕಾಂಗ್ರೆಸ್ ಗಿಡ, ಕೆಲವೇ ದಶಕಗಳಲ್ಲಿ ಕರ್ನಾಟಕದ ರಸ್ತೆಬದಿಗಳನ್ನೆಲ್ಲ ಆವರಿಸಿತು. ಅದನ್ನು ತಿನ್ನುವ ಮೆಕ್ಸಿಕೋದ ದುಂಬಿಯನ್ನು 1984ರಲ್ಲಿ ಬೆಂಗಳೂರು ಕಡೆ ಬಿಡಲಾಯಿತಾದರೂ ಗಿಡ ತೊಲಗಲಿಲ್ಲ. ಪಾರ್ಥೇನಿಯಂಗೂ ಸಣ್ಣ ಬಿಳಿಯ ಹೂವು. ಪೇಟೆಯ ಮಕ್ಕಳಿಗೆ ದೂರದಿಂದ ಎರಡೂ ಒಂದೇ ಎನಿಸಬಹುದು. ಆದರೆ ಒಂದು ಜೇನಿನ ಬಟ್ಟಲು, ಇನ್ನೊಂದು ತುರಿಕೆ, ಉಬ್ಬಸಗಳ ಮೂಲ.

ತುಂಬೆ ಅಳಿವಿನ ಅಂಚಿಗೆ ಬಂದ ಗಿಡವೇನೂ ಅಲ್ಲ. ದೇಶದ ಬಹುಭಾಗದಲ್ಲಿ ಅದಿನ್ನೂ ಧಾರಾಳವಾಗಿದೆ. ದೂರವಾಗಿರುವುದು ಗಿಡವಲ್ಲ, ಅದರೊಡನೆ ಮನುಷ್ಯರಿಗಿದ್ದ ಬಳಕೆ. ಮನೆಯಿಂದ ಹತ್ತು ಹೆಜ್ಜೆ ದೂರದಲ್ಲಿದ್ದದ್ದು ಮೂರು ಮೈಲಿ ದೂರವಾದರೆ ಅದರ ಹೆಸರು ಮೊದಲು ಮರೆಯುತ್ತದೆ. ತುಂಬೆ ಯಾವುದು, ಕರಿತುಂಬೆ ಯಾವುದು, ತುಂಬೆಯ ಕುಲಕ್ಕೇ ಸೇರದ ಕತ್ತೆತುಂಬೆ ಯಾವುದು ಎಂದು ಬೆರಳು ತೋರಿ ಹೇಳುವವರಿಲ್ಲದೆ ಹೋದರೆ ಗಿಡ ಕಣ್ಣೆದುರಿಗಿದ್ದೂ ಇಲ್ಲದಂತೆಯೇ.

ತುಳಸಿಗೆ ಕಟ್ಟೆ, ತುಂಬೆಗೆ ಬೇಲಿ

ಕಾಡಿನ ಗಿಡವನ್ನು ಮನೆಗೆ ತಂದರೆ ಅದರ ಗುಣ ಕೆಡುವುದಿಲ್ಲವೇ ಎಂದು ಕೇಳುವವರಿದ್ದಾರೆ. ಇದಕ್ಕೆ ಉತ್ತರ ಪ್ರತಿ ಮನೆಯ ಅಂಗಳದಲ್ಲೇ ಇದೆ. ತುಳಸಿ ಮತ್ತು ತುಂಬೆ ಸಸ್ಯವಿಜ್ಞಾನದ ಪ್ರಕಾರ ಒಂದೇ ಕುಟುಂಬದ ಮಕ್ಕಳು. ಇಬ್ಬರಿಗೂ ನಾಲ್ಕು ಮೂಲೆಯ ಕಾಂಡ, ಎದುರುಬದುರು ಎಲೆ, ಎರಡು ತುಟಿಯ ಹೂವು, ಬಟ್ಟಲಿನ ತಳದಲ್ಲಿ ನಾಲ್ಕು ಬೀಜ. ಪುದೀನ, ದೊಡ್ಡಪತ್ರೆ, ಕಾಮಕಸ್ತೂರಿ, ಮರುಗ ಇವೆಲ್ಲ ಅದೇ ಮನೆತನ. ಇವುಗಳಲ್ಲಿ ತುಳಸಿಗೆ ಕಟ್ಟೆ ಸಿಕ್ಕಿತು, ಪುದೀನಕ್ಕೆ ಪಾತಿ ಸಿಕ್ಕಿತು, ದೊಡ್ಡಪತ್ರೆಗೆ ಬಚ್ಚಲ ಮಗ್ಗುಲು ಸಿಕ್ಕಿತು. ತುಂಬೆಗೆ ಮಾತ್ರ ಬೇಲಿಯೇ ಗತಿಯಾಯಿತು. ಕಾರಣ ಅದು ಕೀಳೆಂದಲ್ಲ. ಕೇಳಿದಾಗೆಲ್ಲ ಬೇಲಿಯಲ್ಲೇ ಸಿಗುತ್ತಿದ್ದುದನ್ನು ಯಾರೂ ನೆಡುವುದಿಲ್ಲ. ಹೊಳೆನರಸೀಪುರದ ಲಕ್ಷ್ಮೀನರಸಿಂಹನಿಗೆ ತುಳಸಿ ಕಟ್ಟೆಯಿಂದ ಬಂದರೆ, ಊರಾಚೆಯ ಶಿವನಿಗೆ ತುಂಬೆ ಹೊಲದಿಂದ ಬರುತ್ತಿತ್ತು.

ಹಿತ್ತಲೆಂಬುದು ಹಳೆಯ ಮೈಸೂರಿನ ಮನೆಗಳಲ್ಲಿ ತೋಟವೂ ಹೌದು, ಔಷಧದ ಪೆಟ್ಟಿಗೆಯೂ ಹೌದು. ಬಚ್ಚಲ ನೀರಿಗೆ ಬಸಳೆ, ಬಾಳೆ; ಚಪ್ಪರಕ್ಕೆ ಅವರೆ, ಹೀರೆ; ಮುಡಿಗೆ ಸ್ಫಟಿಕ, ಕನಕಾಂಬರ. ಪಟ್ಟಣದವರಿಗೆ ಹೂದೋಟದ ರುಚಿ ಬೇರೆ ಕಡೆಯಿಂದ ಬಂತು. ಹೈದರಾಲಿ 1760ರಲ್ಲಿ ಆರಂಭಿಸಿದ ಬೆಂಗಳೂರಿನ ಲಾಲ್‌ಬಾಗ್ ಮುಂದೆ ದೇಶದೇಶಗಳ ಗಿಡಗಳ ನೆಲೆಯಾಯಿತು. ಜರ್ಮನಿಯ ಜಿ.ಎಚ್. ಕ್ರುಂಬಿಗಲ್ ಅಲ್ಲಿನ ಮೇಲ್ವಿಚಾರಣೆ ನೋಡಿಕೊಂಡಿದ್ದ ಕಾಲದಲ್ಲಿ, 1912ರಲ್ಲಿ, ಮೈಸೂರು ತೋಟಗಾರಿಕಾ ಸಂಘ ಹುಟ್ಟಿತು. ಫಲಪುಷ್ಪ ಪ್ರದರ್ಶನಗಳು ಮನೆಮಾತಾದವು. ಮೆಕ್ಸಿಕೋದ ಡೇಲಿಯಾ, ಜಿನ್ನಿಯಾ, ಬ್ರೆಜಿಲ್ಲಿನ ಬೋಗನ್‌ವಿಲ್ಲಾ ಜಿಲ್ಲಾ ಕೇಂದ್ರಗಳ ಬಂಗಲೆಗಳಿಂದ ಸಾಮಾನ್ಯರ ಅಂಗಳಕ್ಕೆ ಇಳಿದವು. ದಸರೆಗೆ ಅನಿವಾರ್ಯವೆನಿಸಿರುವ ಚೆಂಡುಹೂವಿನ ತವರೂ ಮೆಕ್ಸಿಕೋ ಕಡೆಯೇ. ಇವುಗಳಲ್ಲಿ ತಪ್ಪೇನಿಲ್ಲ, ಬಂದ ಹೂವುಗಳೆಲ್ಲ ಈಗ ನೆಂಟರಲ್ಲ, ಮನೆಯವರೇ. ಆದರೆ ನೆಂಟರಿಗೆ ಮಣೆ ಹಾಕುವ ಭರದಲ್ಲಿ ಮನೆಮಗಳು ಬೇಲಿಯ ಹೊರಗೇ ಉಳಿದಳು ಎಂಬುದೂ ಸುಳ್ಳಲ್ಲ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಹುಟ್ಟಿದ್ದು ಸುಮ್ಮನಲ್ಲ.

ಬೆಳೆಸುವ ಬಗೆ

ನರ್ಸರಿಗಳಲ್ಲಿ ತುಂಬೆಯ ಸಸಿ ಸಿಗುವುದು ಅಪರೂಪ. ಬೀಜವನ್ನು ಹೊಲದ ಬದುವಿನಿಂದಲೇ ತರಬೇಕು. ಶಿವರಾತ್ರಿ ಕಳೆದ ಮೇಲೆ ಹೂವುದುರಿದ ಬಟ್ಟಲುಗಳು ಕಂದು ಬಣ್ಣಕ್ಕೆ ತಿರುಗುತ್ತವೆ. ಅಂಥ ಗೊಂಚಲನ್ನು ಕಾಗದದ ಮೇಲೆ ಬೋರಲು ಹಿಡಿದು ತಟ್ಟಿದರೆ ಸಾಸಿವೆಗಿಂತ ಚಿಕ್ಕ ಕಂದು ಬೀಜಗಳು ಉದುರುತ್ತವೆ. ಒಂದೇ ಕಡೆಯ ಗಿಡಗಳನ್ನೆಲ್ಲ ಬೋಳಿಸದೆ, ಹತ್ತರಲ್ಲಿ ಒಂದೆರಡು ಗೊಂಚಲು ತೆಗೆದು ಉಳಿದವನ್ನು ನೆಲಕ್ಕೆ ಬಿಡುವುದು ಧರ್ಮ. ಬೀಜವನ್ನು ನೆರಳಲ್ಲಿ ಒಣಗಿಸಿ ಬಟ್ಟೆಯಲ್ಲೋ ಕಾಗದದ ಪೊಟ್ಟಣದಲ್ಲೋ ಕಟ್ಟಿಡಬಹುದು.

ಬಿತ್ತಲು ಎರಡು ಕಾಲ. ಮುಂಗಾರು ಹಿಡಿದ ಮೇಲೆ ಬಿತ್ತಿದರೆ ಮಳೆಗಾಲದ ಕೊನೆಗೆ ಹೂವು. ಶಿವರಾತ್ರಿಗೇ ಬೇಕೆಂದರೆ ದೀಪಾವಳಿಯ ಆಸುಪಾಸಿನಲ್ಲಿ ಇನ್ನೊಮ್ಮೆ ಬಿತ್ತಬೇಕು. ಕೆಮ್ಮಣ್ಣಿಗೆ ಒಂದಿಷ್ಟು ಮರಳು ಬೆರೆಸಿದರೆ ಸಾಕು. ಗೊಬ್ಬರ ಹೆಚ್ಚಾದರೆ ಎಲೆ ಸೊಕ್ಕುತ್ತದೆ, ಹೂವು ಹಿಂದೆ ಬೀಳುತ್ತದೆ. ಬೀಜವನ್ನು ಆಳಕ್ಕೆ ಹೂಳದೆ ಮೇಲೆ ಉದುರಿಸಿ, ಅಂಗೈಯಿಂದ ಒತ್ತಿ, ನೀರು ಚಿಮುಕಿಸಬೇಕು. ಸಸಿ ನಾಲ್ಕೆಲೆಯಾದಾಗ ಒತ್ತಾಗಿದ್ದವನ್ನು ಬುಡದ ಮಣ್ಣಿನೊಡನೆ ಎತ್ತಿ ಗೇಣಳತೆಗೆ ನೆಡಬಹುದು. ಕುಂಡದಲ್ಲಾದರೆ ಹತ್ತಿಂಚಿನದಕ್ಕೆ ಎರಡು ಮೂರು ಗಿಡ.

ಅರ್ಧ ದಿನವಾದರೂ ನೇರ ಬಿಸಿಲು ಬೀಳಬೇಕು. ಮೇಲ್ಮಣ್ಣು ಒಣಗಿದ ಮೇಲಷ್ಟೇ ನೀರು. ದಿನಾ ನೀರು ಹೊಯ್ಯುವ ಗುಲಾಬಿಯ ಪಕ್ಕದಲ್ಲಿಟ್ಟರೆ ಬೇರು ಕೊಳೆಯುತ್ತದೆ. ಗೇಣುದ್ದ ಬೆಳೆದಾಗ ಕುಡಿ ಚಿವುಟಿದರೆ ಕವಲೊಡೆಯುತ್ತದೆ. ಚಿವುಟಿದ ಕುಡಿ ಸಾರಿಗಾಯಿತು. ಕೀಟನಾಶಕ ಹೊಡೆಯಬಾರದು. ಹೂವು ಬಿಟ್ಟ ದಿನದಿಂದ ಜೇನ್ನೊಣ, ಪಾತರಗಿತ್ತಿಗಳು ಹುಡುಕಿಕೊಂಡು ಬರುತ್ತವೆ. ಕೊನೆಗೆ ಗಿಡ ಒಣಗಿದಾಗ ಕಿತ್ತೆಸೆಯುವ ಅವಸರ ಬೇಡ. ತುಂಬೆ ಒಂದು ವರ್ಷದ ಗಿಡ. ತಾನಾಗಿ ಬೀಜ ಉದುರಿಸಿ ಹೋದರೆ ಮರುಮಳೆಗೆ ಬಿತ್ತುವ ಕೆಲಸವೂ ತಪ್ಪುತ್ತದೆ.

ಹಾಗೆ ತಾನೇ ಹುಟ್ಟಿದ ಸಸಿ ಪಾತಿಯೊಳಗೇ ಇರುತ್ತದೆಂದು ಹೇಳಲಾಗದು. ಕಲ್ಲುಹಾಸಿನ ಸಂದಿಯಲ್ಲಿ, ಗೇಟಿನ ಬುಡದಲ್ಲಿ, ಪಕ್ಕದ ಖಾಲಿ ನಿವೇಶನದಲ್ಲಿ ತಲೆಯೆತ್ತಬಹುದು. ತೋಟಗಾರಿಕೆಯ ಪುಸ್ತಕದಲ್ಲಿ ಇದು ದೋಷ. ತುಂಬೆಯ ಮಟ್ಟಿಗೆ ಅದೇ ಗುಣ. ಕಾಡುಗಿಡವನ್ನು ಮನೆಗೆ ತಂದವರು ಅದನ್ನು ಕಟ್ಟಿಹಾಕಿದಂತೆ ಆಗಲಿಲ್ಲ, ಮತ್ತೆ ಬೀದಿಗೆ ಹೋಗಲು ದಾರಿ ಮಾಡಿಕೊಟ್ಟಂತಾಯಿತು.

ಶಿವರಾತ್ರಿಯ ಬೆಳಗಿನ ಜಾವ ಇಬ್ಬನಿ ಆರುವ ಮೊದಲು ಒಂದು ಬಟ್ಟಲು ತುಂಬೆ ಬಿಡಿಸಲು ನೂರಾರು ಸಲ ಬಗ್ಗಿ ಏಳಬೇಕು. ತೂಕಕ್ಕೆ ಹಾಕಿದರೆ ಅದು ಏನೂ ಅಲ್ಲ. ಆದರೆ ಆ ಹೊತ್ತಿನಲ್ಲಿ ಜೊತೆಗಿದ್ದ ಮಗುವಿಗೆ ಗಿಡದ ಹೆಸರು ಗೊತ್ತಾಗಿರುತ್ತದೆ, ಎಲೆಯ ಒರಟು ಬೆರಳಿಗೆ ಪರಿಚಯವಾಗಿರುತ್ತದೆ, ನಾಲಗೆಗೆ ಒಂದು ಹನಿ ಸಿಹಿ ತಾಕಿರುತ್ತದೆ. ಮುಂದೆ ಅದೇ ಮಗು ದೊಡ್ಡದಾಗಿ ಹೊಲದ ಬದುವಿನಲ್ಲಿ ಈ ಗಿಡವನ್ನು ಕಂಡರೆ ಕಳೆಯೆಂದು ದಾಟಿ ಹೋಗಲಾರದು.